ಮೊಳಕ್ಕೆ ಎರಡು ಬೆರಳು

ಮಧುಗಿರಿ ಪೇಟೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳು ಇಪ್ಪತ್ತಿದ್ದರೆ, ಹತ್ತೊಂಬತ್ತು ಮನೆಯವರು ಕಮಲಾಕ್ಷಮ್ಮನ ಬರವಿಗೆ ಹೆದರುತ್ತಿದ್ದರು. ಇಪ್ಪತ್ತನೆಯದು ಅವಳದೇ ಮನೆ. ಆಕೆ ಬಂದಳೆಂದರೆ ಕುಂಕುಮ ಇಟ್ಟುಕೊಳ್ಳುವುದಕ್ಕೆ ಮೊದಲೇ ಬಲಗೈ ಬೆರಳುಗಳನ್ನು ಜೋಡಿಸಿ ಗೊಂಬೆಯ ಪಕ್ಕಕ್ಕೆ ಹಿಡಿಯುವಳು. ಒಂದು, ಎರಡು, ಮೂರು ಎಂದು ತುಟಿಯಲ್ಲೇ ಎಣಿಸುವಳು. ಆಮೇಲೆ ಒಂದೇ ಒಂದು ಮಾತು. ಅದನ್ನು ಕೇಳಿಸಿಕೊಂಡ ಮನೆಯೊಡತಿಗೆ ಆ ವರ್ಷದ ಹಬ್ಬ ಅಲ್ಲಿಗೆ ಮುಗಿದ ಹಾಗೇ.

"ಏನಕ್ಕಾ, ನಿಮ್ಮನೆ ಬೆಕ್ಕು ಈ ಆನೆಗೆ ಅಕ್ಕನೋ ತಂಗಿಯೋ?"

"ಈ ಕೃಷ್ಣ ಬೆಣ್ಣೆ ಕದಿಯೋಕೆ ಹೋಗಿ ಮಡಕೆ ಒಳಗೆ ಬಿದ್ರೆ ಎತ್ತೋರ್ಯಾರು? ಬಾವಿಗೆ ಬಿದ್ದ ಕೊಡ ಎತ್ತೋ ಪಾತಾಳಗರಡಿನೇ ಬಿಡ್ಬೇಕಾಗುತ್ತೆ."

ಕೊಬ್ಬು ಅಂತೀರಾ? ಇರಬಹುದು. ಆದರೆ ಆಕೆ ಹೇಳಿದ್ದು ಸುಳ್ಳಲ್ಲ. ಅಲ್ಲ ಸ್ವಾಮಿ, ಬೆಕ್ಕನ್ನು ಆನೆಗಿಂತ ದೊಡ್ಡದಾಗಿ ಕೂರಿಸಿ ಅದಕ್ಕೆ ಆರತಿ ಬೇರೆ ಎತ್ತಿದರೆ ನೋಡಿದವರು ಎಷ್ಟಂತ ಬಾಯಿ ಮುಚ್ಚಿಕೊಂಡಿರಬೇಕು?

ಅವಳ ಲೆಕ್ಕ ಬಲು ಸುಲಭ. ಲೋಕದಲ್ಲಿ ಒಂದು ಮೊಳ ಇರುವುದು ಗೊಂಬೆಯ ಲೋಕದಲ್ಲಿ ಎರಡು ಬೆರಳಗಲ ಇರಬೇಕು, ಅಷ್ಟೇ. ಗಂಡಸು ನಾಲ್ಕು ಮೊಳ ಎತ್ತರ, ಅದಕ್ಕೇ ರಾಜ ಎಂಟು ಬೆರಳು. ಆನೆ ಆರು ಮೊಳ, ಆದ್ದರಿಂದ ಹನ್ನೆರಡು ಬೆರಳು, ಸರಿಯಾಗಿ ಒಂದು ಗೇಣು. ಬೆಕ್ಕು ಅರ್ಧ ಮೊಳ, ಅದಕ್ಕೆ ಒಂದೇ ಬೆರಳು. ಇಲಿ ಬೇಕೇ ಬೇಕು ಅನ್ನುವವರು ಒಂದು ಹೆಸರುಕಾಳು ಇಟ್ಟರೆ ಸಾಕು. ಇದು ಅವಳಿಗೆ ಅವಳ ತಾಯಿ ಪಾವಗಡದ ಮನೆಯ ಜಗಲಿಯಲ್ಲಿ ಕೂತು ಕಲಿಸಿದ ಪಾಠ.

ಪೇಟೆಯಲ್ಲಿ ಬಳೆ, ಬಾಚಣಿಗೆ, ಆಟದ ಸಾಮಾನು ಮಾರುತ್ತಿದ್ದ ಪರ್ವತಯ್ಯನಿಗೆ ಈ ಪಾಠ ಬಾಯಿಪಾಠವಾಗಿ ಹೋಗಿತ್ತು, ಬೇಡವೆಂದರೂ. ಎಲ್ಲ ಹೆಂಗಸರೂ ದೊಡ್ಡದು ಕೊಡು, ಇನ್ನೂ ದೊಡ್ಡದು ಕೊಡು ಎಂದು ಚೌಕಾಸಿ ಮಾಡಿದರೆ ಇವಳೊಬ್ಬಳು ಚಿಕ್ಕದಕ್ಕೆ ಜಗಳ ಆಡುವಳು.

"ಅದೇ ಬೆಲೆಗೆ ದೊಡ್ಡದು ಕೊಡ್ತೀನಿ ತಗೊಳ್ಳಿ ತಾಯಿ. ಮರ ಜಾಸ್ತಿ ಬರುತ್ತೆ."

"ಮರ ಬೇಕಿದ್ರೆ ಸೌದೆ ಅಂಗಡಿಗೆ ಹೋಗ್ತಿದ್ದೆ ಪರ್ವತಯ್ಯ. ಈ ಬೀಸೋಕಲ್ಲು ನೋಡು, ನಾಲ್ಕು ಬೆರಳು ಅಗಲ. ಅಂದ್ರೆ ಎರಡು ಮೊಳ. ಇದನ್ನ ತಿರುಗ್ಸೋಕೆ ನಮ್ಮ ರಾಣಿ ಸಾಲ್ದು, ಒಂದು ಜೊತೆ ಎತ್ತು ಕಟ್ಬೇಕು. ಎರಡು ಬೆರಳಿಂದು ತೆಗಿ."

ಪರ್ವತಯ್ಯ ಮೂಟೆಗಳನ್ನೆಲ್ಲ ಕೊಡವಿ ಎರಡು ಬೆರಳಿನದನ್ನು ಹುಡುಕಿ ಕೊಡುತ್ತಿದ್ದ. ಕೊಡದಿದ್ದರೆ ಆಕೆ ಎದ್ದು ಹೋಗುತ್ತಲೂ ಇರಲಿಲ್ಲ.

ಇಷ್ಟೆಲ್ಲ ಯಾರಿಗಾಗಿ? ಒಂದು ಜೊತೆ ಗೊಂಬೆಗಾಗಿ. ಕಮಲಾಕ್ಷಮ್ಮನ ಮದುವೆಯಾದದ್ದು ಪ್ಲೇಗಿನ ವರ್ಷ, ಅವಳಿಗೆ ಆಗ ಒಂಬತ್ತು. ಕಾಯಿಲೆಯ ಭಯಕ್ಕೆ ಮಧುಗಿರಿಯಿಂದ ಬೀಗರು ಎಂಟೇ ಜನ ಬಂದಿದ್ದರು. ಧಾರೆಯಾದ ಮೇಲೆ ತಾಯಿ ಮಗಳ ಮಡಿಲಿಗೆ ಕೆಂಪು ಮರದ ರಾಜ ರಾಣಿಯರನ್ನು ಹಾಕಿದಳು. ರಾಜನಿಗೆ ಕಪ್ಪು ಬಣ್ಣದಲ್ಲಿ ಬರೆದ ಚೂಪು ಮೀಸೆ, ರಾಣಿಗೆ ಮೂಗುಬೊಟ್ಟು. ಮೂರು ತಿಂಗಳಿಗೆ ತಾಯಿ ಪ್ಲೇಗಿನಲ್ಲಿ ಹೋದಳು. ಪಾವಗಡದ ಮನೆಯನ್ನು ಖಾಲಿ ಮಾಡಿಸಿ ಇದ್ದುದನ್ನೆಲ್ಲ ಸುಟ್ಟರು. ತಾಯಿಯದು ಎಂದು ಉಳಿದದ್ದು ಈ ಎಂಟು ಬೆರಳಿನ ಎರಡು ಜೀವ. ವರ್ಷಕ್ಕೊಮ್ಮೆ ಅವನ್ನು ಪೆಟ್ಟಿಗೆಯಿಂದ ಎತ್ತುವಾಗ ಕಮಲಾಕ್ಷಮ್ಮನ ನಾಲಗೆಯೂ ಒಂದು ಗಳಿಗೆ ಸುಮ್ಮನಿರುತ್ತಿತ್ತು.

ಮದುವೆಯ ದಿನದ ಇನ್ನೊಂದು ವಸ್ತುವೂ ಅವಳ ಬಳಿ ಉಳಿದಿತ್ತು. ಅದು ಒಂದು ಗುಟ್ಟು. ಮುಹೂರ್ತಕ್ಕೆ ಮೊದಲು ಹಿತ್ತಲ ಹುಲ್ಲುಬಣವೆಯ ಹಿಂದೆ ನಡೆದ ಸಂಗತಿಯನ್ನು ಯಾರಿಗೂ ಹೇಳುವುದಿಲ್ಲ ಎಂದು ಹತ್ತು ವರ್ಷದ ಮದುಮಗ ರೇಣುಕಯ್ಯ ಅವಳ ಕೈಲಿ ಕೊರಳ ಲಿಂಗ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದ. ಮೂವತ್ತೆರಡು ವರ್ಷವಾಯಿತು. ಊರಿನ ಎಲ್ಲರ ಬೆಕ್ಕು ನಾಯಿಗಳ ಮಾನ ಕಳೆದ ಆ ಬಾಯಿ ಈ ಒಂದು ಮಾತನ್ನು ಮಾತ್ರ ಆಡಿರಲಿಲ್ಲ. ಈಗ ರೇಣುಕಯ್ಯ ಪೇಟೆಬೀದಿಯ ಜವಳಿ ಸಾಹುಕಾರ. ಅವನ ಮೀಸೆಯೆಂದರೆ ಮಧುಗಿರಿಯಲ್ಲಿ ಒಂದು ಮರ್ಯಾದೆ. ದಿನಾ ಬೆಳಿಗ್ಗೆ ತುಪ್ಪ ಸವರಿ, ತಿರುವಿ, ಕನ್ನಡಿ ನೋಡಿಕೊಂಡೇ ಅಂಗಡಿಯ ಬಾಗಿಲು ತೆಗೆಯುವ ಗಂಡಸು.

ಹೋದ ನವರಾತ್ರಿಯಲ್ಲಿ ಕಮಲಾಕ್ಷಮ್ಮ ಮೂರು ಮನೆಯಾಚೆಯ ನಾಗರತ್ನಮ್ಮನ ಗೊಂಬೆ ನೋಡಲು ಹೋದಳು. ಅಲ್ಲಿ ರಾಜನ ಪಕ್ಕದಲ್ಲಿ ಒಂದು ಹಸಿರು ಗಿಣಿ ಕೂತಿತ್ತು. ಬೆರಳಿಟ್ಟು ನೋಡಿದರೆ ಪೂರಾ ಒಂದು ಗೇಣು.

"ಅಯ್ಯೋ ರಾಮ! ನಾಗರತ್ನ, ಈ ಗಿಣಿ ರಾತ್ರೋರಾತ್ರಿ ನಿಮ್ಮ ರಾಜನ್ನ ಕಚ್ಕೊಂಡು ಹಾರಿಹೋದ್ರೆ ರಾಣಿ ಗತಿ ಏನಮ್ಮ?"

ಕೂತಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಗರತ್ನಮ್ಮನ ಕಣ್ಣು ತುಂಬಿತು. ಆ ಗಿಣಿಯನ್ನು ಅವಳ ತಮ್ಮ ಮೈಸೂರಿನಿಂದ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ.

"ಬರೋ ವರ್ಷ ನಿಮ್ಮನೆಗೆ ನಾನೇ ಬರ್ತೀನಿ ಕಮಲಾಕ್ಷಕ್ಕ," ಎಂದಳು ಅವಳು ಮೂಗು ಒರೆಸಿಕೊಂಡು. "ಇಷ್ಟು ಜನರ ಎದುರಿಗೇ ನೋಡ್ತೀನಿ. ಒಂದೇ ಒಂದು ತಪ್ಪು ಸಿಕ್ರೂ ನಿಮ್ಮ ರಾಜ ರಾಣಿ ನಮ್ಮನೆ ಮೆಟ್ಟಿಲು ಹತ್ಬೇಕು. ಸಿಗ್ಲಿಲ್ವಾ, ಈ ಗಿಣಿ ನಿಮ್ಮದು."

"ಆಗ್ಲಿ! ಲಿಂಗದಾಣೆ!" ಎಂದುಬಿಟ್ಟಳು ಕಮಲಾಕ್ಷಮ್ಮ.

ನಾಲಗೆಗೆ ಮೂಳೆ ಇಲ್ಲ ನೋಡಿ. ಮನೆಗೆ ಬರುವ ದಾರಿಯಲ್ಲಿ ಅವಳಿಗೆ ಹೊಳೆಯಿತು. ತಾಯಿಯನ್ನೇ ಪಣಕ್ಕಿಟ್ಟು ಬಂದಿದ್ದಳು.

ಆಡಿ ಆಗಿದೆ, ಇನ್ನು ಗೆಲ್ಲಲೇಬೇಕು. ಬರೀ ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿದರೆ ಏನು ಚೆಂದ? ಈ ಸಲ ರಾಜ ರಾಣಿಗೆ ಬಾಗಿಲು, ಕಿಟಕಿ, ಪಡಸಾಲೆ, ಅಡಿಗೆಮನೆ ಇರುವ ಒಂದು ಮರದ ಮನೆಯನ್ನೇ ಮಾಡಿಸಿಬಿಡಬೇಕು, ಒಂದು ಕೂದಲೆಳೆಯಷ್ಟೂ ಅಳತೆ ತಪ್ಪಬಾರದು ಎಂದು ನಿಶ್ಚಯಿಸಿದಳು. ಬಡವನಹಳ್ಳಿಯ ಬೊಮ್ಮಣ್ಣ ಗಾಡಿ ನೇಗಿಲು ಮಾಡುವ ಬಡಗಿ, ಕಮಲಾಕ್ಷಮ್ಮನ ಮನೆಯ ತೊಟ್ಟಿಲನ್ನೂ ಅವನೇ ಮಾಡಿದ್ದು. ಅವನನ್ನು ಕರೆಸಿ ಪಡಸಾಲೆಯಲ್ಲಿ ಕೂರಿಸಿ ಒಂದೊಂದಾಗಿ ಹೇಳಿದಳು. ಬಾಗಿಲು ಒಂಬತ್ತು ಬೆರಳು. ಚಿಲಕ ನೆಲದಿಂದ ಆರು ಬೆರಳು. ಜಗಲಿ ಎರಡು ಬೆರಳು. ಬೊಮ್ಮಣ್ಣ ಕಣ್ಣು ಮುಚ್ಚಿಕೊಂಡು ತಲೆದೂಗಿದ. ಓದು ಬರಹ ಇಲ್ಲದವನು, ಆದರೆ ಒಮ್ಮೆ ಕೇಳಿದ ಅಳತೆ ಮರೆತವನಲ್ಲ.

ಅಂಗಡಿಗೆ ಹೊರಟಿದ್ದ ರೇಣುಕಯ್ಯ ಹೊಸ್ತಿಲಲ್ಲಿ ನಿಂತ. "ಬೆರಳು ನಂಬಬೇಡ ಕಣೇ. ಅಂಗಡಿಯಿಂದ ಗಜ ಕಳಿಸ್ತೀನಿ, ಅದರಲ್ಲಿ ಅಳೆದು ಕೊಡು."

"ಗಜ ಸರ್ಕಾರ ಕೊಟ್ಟಿದ್ದು, ಬೆರಳು ಶಿವ ಕೊಟ್ಟಿದ್ದು. ನೀವು ನಿಮ್ಮ ಪಂಚೆ ಸೀರೆ ಅಳ್ಕೊಳ್ಳಿ ಹೋಗಿ."

ಅವನು ಹೋದ. ಮನೆ ಮಾಡಿಸುವ ತಿಂಗಳುಗಳಲ್ಲಿ ಕಮಲಾಕ್ಷಮ್ಮ ಪರ್ವತಯ್ಯನ ಅಂಗಡಿಗೆ ದಾಳಿಯಿಟ್ಟು ಅಡಿಗೆಮನೆಗೆ ಬೇಕಾದ ಕೊಡ, ತಪ್ಪಲೆ, ಒರಳು, ಬೀಸೋಕಲ್ಲು, ಮಣೆ ಎಲ್ಲವನ್ನೂ ಮೊಳಕ್ಕೆ ಎರಡು ಬೆರಳಿನ ಲೆಕ್ಕದಲ್ಲಿ ಕೂಡಿಹಾಕಿದಳು.

ಹಬ್ಬಕ್ಕೆ ಮೂರು ದಿನ ಇದೆ ಎನ್ನುವಾಗ ಎತ್ತಿನ ಗಾಡಿಯಲ್ಲಿ, ಹುಲ್ಲಿನ ಮಧ್ಯೆ, ಮರದ ಮನೆಯನ್ನು ಹೇರಿಕೊಂಡು ಬೊಮ್ಮಣ್ಣ ಬಂದ. ಇಬ್ಬರು ಹಿಡಿದು ಇಳಿಸಬೇಕಾಯಿತು. ಕಮಲಾಕ್ಷಮ್ಮನ ಮುಖ ಬಾಡಿತು. ಓಡಿಹೋಗಿ ರಾಣಿಯನ್ನು ತಂದು ಬಾಗಿಲ ಮುಂದೆ ನಿಲ್ಲಿಸಿದಳು. ಚಿಲಕ ರಾಣಿಯ ತಲೆಗಿಂತ ಮೇಲಿತ್ತು.

"ಇದೇಮಿಟಯ್ಯಾ!" ಕೋಪ ಬಂದರೆ ಅವಳ ಬಾಯಲ್ಲಿ ಪಾವಗಡದ ತೆಲುಗು ಇಣುಕುತ್ತಿತ್ತು. "ಬೊಮ್ಮಣ್ಣ, ಬಾಗಿಲು ಎಷ್ಟು ಬೆರಳು ಅಂದಿದ್ದೆ?"

"ಒಂಬತ್ತು ತಾಯಿ."

"ಇಲ್ನೋಡು, ಹದಿನೈದಿದೆ!"

"ಎಲ್ಲೈತೆ ಹದ್ನೈದು?" ಬೊಮ್ಮಣ್ಣ ಮುಂದೆ ಬಂದು ತನ್ನ ಕೈಯನ್ನು ಬಾಗಿಲಿಗೆ ಒತ್ತಿ ಹಿಡಿದ. ಉಳಿ ಬಾಚಿ ಹಿಡಿದು ಬಲಿತ ಬೆರಳುಗಳು, ಒಂದೊಂದೂ ಪುಟ್ಟಬಾಳೆ ಹಣ್ಣಿನಷ್ಟು ದಪ್ಪ. ಒಂದು, ಎರಡು ಎಂದು ಏರಿಸಿದ. ಸರಿಯಾಗಿ ಒಂಬತ್ತು. "ಒಂದು ಗೆರೆ ತೆಪ್ಪಿಲ್ಲ. ಯಾರ ಬೆಳ್ಳು ಅಂತ ನೀವು ಯೋಳ್ಲಿಲ್ಲ, ನಾ ಕೇಳ್ಲಿಲ್ಲ. ನನ್ತಾವ ಇರೋ ಬೆಳ್ಳು ಇವೇ ಕಣಮ್ಮ. ನಿಮ್ ಬೆಳ್ಳು ಬಡವನಳ್ಳಿಗೆ ಎಂಗೆ ತಕ್ಕೊಂಡೋಗ್ಲಿ?"

ಊಟಕ್ಕೆ ಬಂದ ರೇಣುಕಯ್ಯ ಮನೆಯನ್ನು ನೋಡಿದ, ರಾಣಿಯನ್ನು ನೋಡಿದ, ಬೊಮ್ಮಣ್ಣನ ಕೈಯನ್ನು ನೋಡಿದ. ಮೀಸೆ ಅಲುಗಾಡತೊಡಗಿತು.

"ನಗೋದಿದ್ರೆ ಅಂಗಡಿಗೆ ಹೋಗಿ ನಕ್ಕೊಂಡು ಬನ್ನಿ!" ಎಂದಳು ಹೆಂಡತಿ. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ರೇಣುಕಯ್ಯನ ನಗು ನಿಂತುಹೋಯಿತು. ಅವಳು ಅತ್ತದ್ದನ್ನು ಅವನು ಕಂಡದ್ದೇ ಕಡಿಮೆ.

ಹೊಸ ಮನೆ ಮಾಡಿಸಲು ದಿನ ಇಲ್ಲ. ಹಳೆಯ ಮೆಟ್ಟಿಲ ಮೇಲೇ ಕೂರಿಸಿದರೆ ಊರೆಲ್ಲ ನೋಡಿದ ಮನೆಯನ್ನು ಎಲ್ಲಿ ಬಚ್ಚಿಡುವುದು? ಗಾಡಿ ಬೀದಿಯಲ್ಲಿ ಬಂದಾಗಲೇ ನಾಗರತ್ನಮ್ಮ ಜಗಲಿಯಿಂದ ನೋಡಿಯಾಗಿತ್ತು.

ಕಮಲಾಕ್ಷಮ್ಮ ಕಣ್ಣೊರೆಸಿಕೊಂಡು ಬೊಮ್ಮಣ್ಣನಿಗೆ ಅವನ ಬೆರಳಗಲಕ್ಕೆ ಒಂದು ಕಡ್ಡಿ ಕತ್ತರಿಸಿಕೊಡು ಎಂದಳು. ಆ ಕಡ್ಡಿಯಿಂದ ಮನೆಯನ್ನೆಲ್ಲ ಅಳೆದಳು. ಬಾಗಿಲು, ಚಿಲಕ, ಜಗಲಿ, ಕಿಟಕಿ ಎಲ್ಲ ಸರಿ. ಮನೆಯಲ್ಲಿ ತಪ್ಪೇ ಇಲ್ಲ! ತಪ್ಪಿದ್ದರೆ ಅದರೊಳಗೆ ಬಾಳುವವರಲ್ಲಿ. ಅದೇ ಕಡ್ಡಿಯನ್ನು ರಾಣಿಯ ಪಕ್ಕ ಹಿಡಿದಳು. ಐದು. ಮೊಳಕ್ಕೆ ಎರಡು ಬೆರಳಾದರೆ ಐದು ಬೆರಳಿಗೆ ಎರಡೂವರೆ ಮೊಳ. ಈ ಲೋಕದಲ್ಲಿ ಎರಡೂವರೆ ಮೊಳ ಎತ್ತರ ಇರುವವರು ಯಾರು?

ಕಮಲಾಕ್ಷಮ್ಮ ತಲೆಯೆತ್ತಿ ತನ್ನ ಮನೆಯ ಬೀದಿಬಾಗಿಲನ್ನು ನೋಡಿದಳು. ಅದರ ಚಿಲಕವನ್ನು ನೋಡಿದಳು. ಮದುವೆಯಾದ ವರ್ಷ ಮೊದಲ ಹಬ್ಬಕ್ಕೆ ಕರೆತಂದಾಗ ಆ ಚಿಲಕ ಅವಳಿಗೆ ಎಟುಕುತ್ತಿರಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಅಡಿಗೆಮನೆಗೆ ಓಡಿ, ರಾಗಿ ಅಳೆಯುವ ಕೊಳಗವನ್ನು ತಂದು ಬೋರಲು ಹಾಕಿ, ಅದರ ಮೇಲೆ ಹತ್ತಿ ತೆಗೆಯುತ್ತಿದ್ದಳು. ಅತ್ತೆ ಬಸವಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಪರ್ವತಯ್ಯನ ಅಂಗಡಿಯಲ್ಲಿ ಕಮಲಾಕ್ಷಮ್ಮ ಹೇಳಿದಳು: "ಬೀಸೋಕಲ್ಲು ಕೊಡು. ಕೊಡ, ಒರಳು, ಕೊಳಗ ಕೊಡು. ಎಲ್ಲ ದೊಡ್ಡದು."

ಪರ್ವತಯ್ಯ ಗಲ್ಲಾಪೆಟ್ಟಿಗೆಯ ಮೇಲೆ ಕುಸಿದು ಕೂತ. "ಮೈಯಾಗೆ ಹುಷಾರಿದ್ದೀರಾ ತಾಯಿ?"

"ಹುಷಾರಾಗೇ ಇದ್ದೀನಿ. ಆ ಶೆಟ್ಟಮ್ಮನ ಗೊಂಬೆ ಇದೆಯಲ್ಲ, ಒಂದು ಗೇಣಿನ ಮೇಲೆ ಒಂದು ಬೆರಳು ಇರೋದು, ಅದನ್ನೂ ಕೊಡು." ವರ್ಷಾನುಗಟ್ಟಲೆ ಅವಳೇ ರಾಕ್ಷಸಿ ಎಂದು ಬೈದು ಹಿಂದಕ್ಕೆ ತಳ್ಳಿದ್ದ ಗೊಂಬೆ ಅದು. ಅದರ ಒಂದು ಕೈ ಸೊಂಟದ ಮೇಲಿತ್ತು.

ಗೊಂಬೆ ನೋಡುವ ಸಂಜೆ ಬಂತು. ಮನೆ ತುಂಬ ಹೆಂಗಸರು, ಎಲ್ಲರಿಗಿಂತ ಮುಂದೆ ನಾಗರತ್ನಮ್ಮ. ಕಮಲಾಕ್ಷಮ್ಮ ಅಡ್ಡ ಕಟ್ಟಿದ್ದ ಸೀರೆಯನ್ನು ಸರಿಸಿದಳು.

ಒಳಗೆ ರಾಜನೂ ಇರಲಿಲ್ಲ, ರಾಣಿಯೂ ಇರಲಿಲ್ಲ. ಹಣೆಗೆ ಬಾಸಿಂಗ ಕಟ್ಟಿದ ಇಬ್ಬರು ಪುಟ್ಟ ಮಕ್ಕಳಿದ್ದರು. ಹುಡುಗಿ ಬೋರಲು ಹಾಕಿದ ಕೊಳಗದ ಮೇಲೆ ನಿಂತು ಚಿಲಕದ ಕಡೆ ಮುಖ ಮಾಡಿದ್ದಳು. ಹುಡುಗ ಹೊಸ್ತಿಲಲ್ಲಿ ನಿಂತಿದ್ದ. ಅವರ ಹಿಂದೆ ಸೊಂಟಕ್ಕೆ ಕೈಕೊಟ್ಟ, ವಿಭೂತಿ ಬಳಿದ, ಮನೆಯೊಡತಿಯಂಥ ದೊಡ್ಡ ಹೆಂಗಸು. ಬೀಸೋಕಲ್ಲು ಹುಡುಗಿಯ ತೋಳಿಗೆ ಮೀರಿದ ಅಗಲ. ಮೂಲೆಯಲ್ಲಿ, ಕಮಲಾಕ್ಷಮ್ಮ ಮೊದಲು ಕೊಂಡಿದ್ದ ಸಣ್ಣ ಕೊಡ, ಸಣ್ಣ ತಪ್ಪಲೆಗಳು ಹರಡಿಕೊಂಡಿದ್ದವು. ಆ ಮಕ್ಕಳು ಆಡುತ್ತಾಡುತ್ತಾ ಬಿಟ್ಟುಹೋದ ಅಡಿಗೆಯಾಟದ ಸಾಮಾನುಗಳಾಗಿ.

ಯಾರೂ ನಗಲಿಲ್ಲ. ಹಿಂದಿನಿಂದ ಮುದುಕಿ ಸರೋಜಮ್ಮನ ಧ್ವನಿ ಬಂತು. "ನಂಗೂ ಚಿಲಕ ಸಿಕ್ತಿರ್ಲಿಲ್ಲ ಕಣ್ರಮ್ಮ. ನಮ್ಮತ್ತೆ ಕೊಳಗಾನೂ ಮುಟ್ಟಿಸ್ತಿರ್ಲಿಲ್ಲ. ಕಪ್ಪೆ ಹಂಗೆ ಹಾರಿ ಹಾರಿ ತೆಗೀತಿದ್ದೆ."

ಆಗ ನಕ್ಕರು ನೋಡಿ ಎಲ್ಲರೂ, ನಗುತ್ತಲೇ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಒಬ್ಬೊಬ್ಬರಿಗೂ ಒಂದೊಂದು ಚಿಲಕ ನೆನಪಾಗಿತ್ತು.

ನಾಗರತ್ನಮ್ಮನೂ ಕಣ್ಣೊರೆಸಿಕೊಂಡಳು. ಆದರೆ ಪಣ ಪಣವೇ. ಈ ಮನೆಗೆ ಇದೇ ಬೆರಳು, ಮಕ್ಕಳು ಎರಡೂವರೆ ಮೊಳ ಎಂದು ಕಮಲಾಕ್ಷಮ್ಮ ಕೊಟ್ಟ ಬೊಮ್ಮಣ್ಣನ ಕಡ್ಡಿಯನ್ನು ಈಸಿಕೊಂಡು ಬಾಗಿಲಿಂದ ಒರಳಿನವರೆಗೆ ಅಳೆದಳು. ಎಲ್ಲ ಸರಿ. ಕಡ್ಡಿಯನ್ನು ಇನ್ನೇನು ಕೆಳಗಿಡಬೇಕು, ಬಗ್ಗಿ ಹುಡುಗನ ಮುಖ ನೋಡಿದಳು.

"ಕಮಲಾಕ್ಷಕ್ಕ! ಎರಡೂವರೆ ಮೊಳದ ಹುಡುಗ ಅಂದ್ರಲ್ಲ, ಇವನಿಗೆ ಮೀಸೆ ಎಲ್ಲಿಂದ ಬಂತು?"

ಬಾಸಿಂಗ ಕಟ್ಟುವಾಗ ಆ ಮೀಸೆಯನ್ನು ನೋಡಿ ಕಮಲಾಕ್ಷಮ್ಮ ತನ್ನಷ್ಟಕ್ಕೇ ನಕ್ಕಿದ್ದಳು. ಅವಳ ಕಣ್ಣಿಗೆ ಅದು ಇರಬೇಕಾದದ್ದೇ ಆಗಿತ್ತು. ಮಿಕ್ಕವರಿಗೆ ಅದು ಗೊತ್ತಿಲ್ಲ ಎಂಬುದೇ ಮರೆತುಹೋಗಿತ್ತು. ಉತ್ತರ ಅವಳ ನಾಲಗೆಯ ತುದಿಯಲ್ಲಿತ್ತು. ಹೇಳಿದರೆ ತಾಯಿ ಕೊಟ್ಟ ಗೊಂಬೆ ಉಳಿಯುತ್ತದೆ, ಲಿಂಗ ಮುಟ್ಟಿ ಇಟ್ಟ ಆಣೆ ಮುರಿಯುತ್ತದೆ.

"ಬಣ್ಣ ಹೋಗಲ್ಲ ಅಂತ ಬಿಟ್ರಾ? ತಪ್ಪು ತಪ್ಪೇ ಅಲ್ವಾ ಅಕ್ಕ?"

"ತಪ್ಪೇ," ಎಂದಳು ಕಮಲಾಕ್ಷಮ್ಮ ಮೆಲ್ಲಗೆ. ಕೈ ನೀಡಿ ರಾಣಿಯನ್ನು ಕೊಳಗದ ಮೇಲಿಂದ ಇಳಿಸಿದಳು. ರಾಜನನ್ನೂ ಎತ್ತಿಕೊಂಡಳು.

ನಡುಮನೆಯಿಂದ ಯಾರೋ ಕೆಮ್ಮಿದರು. ಹೆಂಗಸರು ಸೆರಗು ಸರಿಮಾಡಿಕೊಂಡರು. ರೇಣುಕಯ್ಯ, ಪೇಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹೆಂಗಸರ ಚಾಪೆಯ ಅಂಚಿಗೆ ಬಂದು ನಿಂತ.

"ಅದು ತಪ್ಪಲ್ಲಮ್ಮ," ಎಂದ. ಕಣ್ಣು ನೆಲದ ಮೇಲಿತ್ತು. "ಅದು ಕಾಡಿಗೆ ಮೀಸೆ. ನನಗಾಗ ಹತ್ತು ವರ್ಷ. ಬೀಗಿತ್ತಿಯರು ಮದುಮಗನಿಗೆ ಮೀಸೆನೇ ಇಲ್ಲ, ಹೆಣ್ಣಾ ಗಂಡಾ ನೋಡ್ರೇ ಅಂತ ಹಾಸ್ಯ ಮಾಡಿದ್ರು. ನಾನು ಬಣವೆ ಹಿಂದೆ ಹೋಗಿ ಕೂತ್ಕೊಂಡು ಅತ್ತೆ. ಹಸೆಗೆ ಬರಲ್ಲ ಅಂತ ಹಠ ಹಿಡಿದೆ. ಈ ಪುಣ್ಯಾತ್ಗಿತ್ತಿ ಕಾಡಿಗೆ ಡಬ್ಬಿ ತಂದು, ಬೆರಳಲ್ಲಿ ಬಳಿದು ಮೀಸೆ ಬರೆದ್ಲು. ಆ ಮೀಸೆಲೇ ನಾನು ತಾಳಿ ಕಟ್ಟಿದ್ದು. ಬೇಕಾದ್ರೆ ನಾನೂ ಲಿಂಗ ಮುಟ್ಟಿ ಹೇಳ್ತೀನಿ."

ಹೆಂಗಸರೆಲ್ಲ ತುಪ್ಪ ಸವರಿದ ಆ ದೊಡ್ಡ ಮೀಸೆಯನ್ನು ನೋಡಿದರು, ಆಮೇಲೆ ಕಮಲಾಕ್ಷಮ್ಮನ ಕೈಯಲ್ಲಿದ್ದ ಸಣ್ಣ ಮೀಸೆಯನ್ನು ನೋಡಿದರು. ಮೊದಲು ನಕ್ಕವಳು ನಾಗರತ್ನಮ್ಮನೇ. ನಕ್ಕು ನಕ್ಕು ಕೂತಲ್ಲೇ ವಾಲಿ, ಸರೋಜಮ್ಮನ ಹೆಗಲು ಹಿಡಿದುಕೊಂಡಳು.

"ಇಟ್ಬಿಡಿ ಅಕ್ಕ, ಇಟ್ಬಿಡಿ! ಅಳತೆ ಸರಿಯಾಗೇ ಇದೆ."

ಗಿಣಿ ಮಾರನೆಯ ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂತು. ಕಮಲಾಕ್ಷಮ್ಮ ಅದನ್ನು ಹೊಸ ಮನೆಯ ಪಕ್ಕ ಇಟ್ಟು ಕಡ್ಡಿಯಿಂದ ಅಳೆದಳು. ಏಳು ಚಿಲ್ಲರೆ, ಮೂರೂವರೆ ಮೊಳ ದಾಟಿತು. ಮತ್ತೆ ಬಟ್ಟೆ ಸುತ್ತಿ, ತಾನೇ ಹೊತ್ತುಕೊಂಡು ಹೋಗಿ ನಾಗರತ್ನಮ್ಮನ ಮೆಟ್ಟಿಲ ಮೇಲೆ ಕೂರಿಸಿ ಬಂದಳು. "ನಿಮ್ಮಲ್ಲೇ ಇರ್ಲಿ ತಾಯಿ. ನಮ್ಮನೇಲಿ ಸಣ್ಣ ಮಕ್ಕಳಿದ್ದಾರೆ, ಹೆದರ್ಕೋತಾರೆ."

ರೇಣುಕಯ್ಯನ ಗತಿ ಕೇಳಬೇಡಿ. ಹಬ್ಬ ಮುಗಿಯುವಷ್ಟರಲ್ಲಿ ಪೇಟೆಬೀದಿಗೆಲ್ಲ ಸುದ್ದಿ ಮುಟ್ಟಿತ್ತು. ಸೀರೆ ಕೊಳ್ಳಲು ಬಂದವರು "ಸಾವ್ಕಾರ್ರೆ, ಕಾಡಿಗೆನೂ ಇಟ್ಟಿದ್ದೀರಾ?" ಎಂದು ಕೇಳುವುದು, ಇವನು ಗಜವನ್ನು ಗಲ್ಲಾದ ಮೇಲೆ ಕುಟ್ಟುವುದು ನಡೆದೇ ಇತ್ತು. ಗೊಂಬೆಗಳನ್ನು ಪೆಟ್ಟಿಗೆಗೆ ಇಳಿಸುವ ದಿನ ಕಮಲಾಕ್ಷಮ್ಮ ಅವನ ಪೇಟ ತಂದುಕೊಡುತ್ತಾ, ಮುಖ ನೋಡದೆ ಹೇಳಿದಳು:

"ಇನ್ಮೇಲೆ ಬೆರಳಲ್ಲಿ ಅಳೆಯಲ್ಲ. ನಿಮ್ಮ ಗಜಾನೇ ಕಳಿಸಿ."

"ಬೇಡ ಕಣೇ. ಬೆರಳಲ್ಲೇ ಅಳಿ," ಎಂದ ರೇಣುಕಯ್ಯ ಮೀಸೆ ತಿರುವುತ್ತಾ. "ನನಗೆ ಮೀಸೆ ಬರೆದಿದ್ದು ಅದೇ ಬೆರಳಲ್ವಾ?"

ಪೇಟ ಇಟ್ಟುಕೊಂಡು ಅಂಗಡಿಯ ಬಾಗಿಲು ತೆಗೆಯಲು ಹೋದ.